ಮುದ್ರೆಕಲ್ಲು ನಿಂತಿದ್ದ ಜಾಗ

ವಕೀಲರ ಸಂಘದ ಗ್ರಂಥಾಲಯದಲ್ಲಿ ಕೆಲಸ ಮಾಡುವವರಿಗೆ ಯಾರನ್ನೂ ನಂಬದಿರುವುದು ಅಭ್ಯಾಸವಾಗಿಬಿಡುತ್ತದೆ. "ಐದು ನಿಮಿಷ ಮೇಡಂ, ಜೆರಾಕ್ಸ್ ಮಾಡಿಸ್ಕೊಂಡು ತಂದುಬಿಡ್ತೀನಿ" ಎಂದು ನಗುನಗುತ್ತ ಸಂಪುಟ ಒಯ್ದವರು ಸಂಜೆಗೆ ತಂದುಕೊಡುತ್ತಾರೆ, ಒಳಗೆ ಬೇಕಾದ ತೀರ್ಪಿನ ಹಾಳೆಯೇ ಇರುವುದಿಲ್ಲ. ಎದುರು ಪಕ್ಷದವರ ಕೈಗೆ ಸಿಗಬಾರದೆಂದು ಕತ್ತರಿಸಿಕೊಂಡಿರುತ್ತಾರೆ. ಕೇಳಿದರೆ ಹುಳು ತಿಂದಿರಬೇಕು ಎನ್ನುತ್ತಾರೆ. ಬ್ಲೇಡು ಹಿಡಿದು ತಿನ್ನುವ ಹುಳುವನ್ನು ನಾನಂತೂ ಕಂಡಿಲ್ಲ. ಇದು ಯಾವ ತಾಲ್ಲೂಕಿನ ಕೋರ್ಟು ಎಂದು ಮಾತ್ರ ಕೇಳಬೇಡಿ. ಹೇಳಿದರೆ ನಾಳೆಯಿಂದ ನನಗೆ ಮಧ್ಯಾಹ್ನದ ಕಾಫಿ ಬರುವುದಿಲ್ಲ.

ಭಾನುವಾರಗಳಲ್ಲಿ ನಾನು ಕಲ್ಲು ಹುಡುಕಿಕೊಂಡು ಹೋಗುತ್ತೇನೆ. ನಮ್ಮ ಕಪಾಟಿನ ಕಾನೂನು ಶುರುವಾಗುವುದು ಇಂಗ್ಲಿಷರ ಕಾಯಿದೆಗಳಿಂದ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಿನ ಹೊಲಗಳಲ್ಲಿ ಅದಕ್ಕಿಂತ ಬಹಳ ಹಿಂದೆಯೇ ಜನ ಕಾನೂನನ್ನು ಕಲ್ಲಿನ ಮೇಲೆ ಕೆತ್ತಿ ನಿಲ್ಲಿಸಿದ್ದಾರೆ. ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ, ಯಾವ ಗುಡಿಗೆ ಎಷ್ಟು ಭೂಮಿ ಬಿಟ್ಟಿದೆ, ಅದನ್ನು ಕೆಡಿಸಿದವನಿಗೆ ಯಾವ ಪಾಪ ಸುತ್ತಿಕೊಳ್ಳುತ್ತದೆ ಎಂಬುದೆಲ್ಲ ಅಲ್ಲಿದೆ. ನನ್ನ ಚೀಲದಲ್ಲಿ ಒಂದು ಮುಖ ನೋಡುವ ಕನ್ನಡಿ, ಮೆತ್ತನೆಯ ಬ್ರಷ್ಷು, ಅಳತೆಯ ಟೇಪು ಇರುತ್ತವೆ. ವಕೀಲರು ನನ್ನನ್ನು "ಕಲ್ಲು ಮೇಡಂ" ಎಂದು ಕರೆಯುತ್ತಾರೆ. ಹಿಂದಿನಿಂದ ಇನ್ನೇನು ಕರೆಯುತ್ತಾರೋ ಗೊತ್ತಿಲ್ಲ.

ಈ ಹುಚ್ಚು ಗೊತ್ತಿದ್ದ ಒಬ್ಬ ವಕೀಲರು ಒಂದು ದಿನ ಕೋಣೆಗೆ ಬಂದು, ಪುಸ್ತಕ ಕೇಳುವ ಬದಲು ಕುರ್ಚಿ ಎಳೆದು ಕೂತರು. ಆಗಲೇ ನನಗೆ ಅನುಮಾನ ಬಂತು.

ಗಾವಡಗೆರೆ ಕಡೆಯ ಒಂದು ಊರಿನ ಕೇಸು. ವಾದಿ ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸು. ಪ್ರತಿವಾದಿ ಹೊಗೆಸೊಪ್ಪು ಬೆಳೆಯುವ ಜಮೀನುದಾರ. ಊರಿನಿಂದ ಕೆರೆಗೆ ಹೋಗುವ ದನದ ದಾರಿ ಆತನ ಹೊಲದ ಅಂಚಿಗೆ ಹಾದುಹೋಗುತ್ತದೆ. ಆತ ಆ ದಾರಿಯೂ ತನ್ನದೇ ಎಂದು ಬೇಲಿಗೆ ಕಂಬ ನೆಟ್ಟ. ಆಕೆ ಕೋರ್ಟಿಗೆ ಬಂದು ತಡೆಯಾಜ್ಞೆ ತಂದಳು. ಕಂಬಗಳು ನೆಟ್ಟಲ್ಲೇ ಉಳಿದವು, ತಂತಿ ಎಳೆಯುವುದು ನಿಂತಿತು. ದಾರಿ ಹೋದರೆ ಆಕೆಯ ಹಸುಗಳಿಗೆ ನೀರಿಲ್ಲ. ಡಾಂಬರು ರಸ್ತೆ ಸುತ್ತಿ ಕೆರೆಗೆ ಹೊಡೆದುಕೊಂಡು ಹೋಗಲು ಸಾಧ್ಯವೇ ಇಲ್ಲ, ಅಷ್ಟು ಬಸ್ಸು ಲಾರಿ. ಹಸು ಮಾರಬೇಕು, ಅಷ್ಟೇ.

"ಆತನ ಅಪ್ಪನ ಕಾಲದ ಕ್ರಯಪತ್ರದ ಚಕ್ಕುಬಂದಿಯಲ್ಲಿ, ನಾಲ್ಕು ಕಡೆಯ ಎಲ್ಲೆ ಬರೆಯೋ ಕಡೆ, ಹೊಲ 'ಮುದ್ರೆಕಲ್ಲಿನವರೆಗೆ' ಅಂತಿದೆ. ಅದನ್ನ ಎರಡೂ ಕಡೆಯವರು ಒಪ್ಪಿದ್ದಾರೆ" ಎಂದರು ವಕೀಲರು. "ಸರ್ವೆಯ ಬಾಂದು ಕಲ್ಲುಗಳು ಎಂದೋ ಹೋಗಿವೆ. ಊರಿಂದ ಕೆರೆಗೆ ಹೋಗುವಾಗ ಬಲಗಡೆ ಆತನ ಹೊಲ, ನಡುವೆ ದಾರಿ, ಎಡಗಡೆ ಗೋಮಾಳ. ಆ ಹಳೇ ಕಲ್ಲು ಈಗ ನಿಂತಿರೋದು ಎಡಗಡೆ, ಹೊಂಗೆ ಮರದ ಕೆಳಗೆ."

"ಹಾಗಾದರೆ ದಾರಿ ಆತನ ಹೊಲದೊಳಗೇ ಬಂತಲ್ಲ?"

"ಅದೇ ತಲೆನೋವು. ರೂಢಿಯ ದಾರಿ ಅಂತ ವಾದ ಮಾಡೋಣ ಅಂದ್ರೆ ಸಾಕ್ಷಿ ಹೇಳೋಕೆ ಊರಲ್ಲಿ ಒಬ್ಬರೂ ಬರ್ತಿಲ್ಲ. ಕೋರ್ಟು ನೇಮಿಸಿದ ಕಮಿಷನರ್ ಸ್ಥಳ ಪರಿಶೀಲನೆಗೆ ಬರ್ತಾರೆ. ಅದಕ್ಕಿಂತ ಮೊದಲು ನೀವೊಂದು ಸಲ ಕಲ್ಲು ನೋಡಿ."

ಕಲ್ಲಿಗೆ ಕಾಲಿಲ್ಲ. ಆದರೆ ಬೇಲಿ ಹಾಕುವವನಿಗೆ ಆಳುಗಳಿರುತ್ತಾರೆ. ಕಲ್ಲು ನೋಡುವ ಮುಂಚೆಯೇ ನನ್ನ ತೀರ್ಪು ಅರ್ಧ ಬರೆದಾಗಿತ್ತು.

ಭಾನುವಾರ ಬೆಳಗ್ಗೆ ವಕೀಲರ ಕಾರಿನಲ್ಲಿ ಹೋದೆವು. ಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಬೆಂಕಿ ಹಾಕಿದ್ದ ಕಾಲ. ಊರಿಗೆ ಊರೇ ಬೇಯುತ್ತಿರುವ ಹೊಗೆಸೊಪ್ಪಿನ ಸಿಹಿಗಂಪಿನಲ್ಲಿ ಮುಳುಗಿತ್ತು. ಪ್ರತಿವಾದಿ ನಮ್ಮನ್ನು ಕಂಡು ಓಡಿ ಬಂದ. ಬೆಂಚು ತರಿಸಿದ, ಎಳನೀರು ಕೆತ್ತಿಸಿದ. ಐವತ್ತರ ಆಸುಪಾಸಿನ ದಪ್ಪ ಮೀಸೆಯ ಆಸಾಮಿ.

"ನೋಡ್ಕಳಿ ಮೇಡಮ್ಮೋರೆ, ಎಷ್ಟೊತ್ತು ಬೇಕಾದ್ರೂ ನೋಡ್ಕಳಿ. ನಾನೇನ್ ಅಡ್ಡ ಬರಾಕಿಲ್ಲ. ಊಟುಕ್ಕೂ ಇಲ್ಲೇ ಇದ್ಬುಡಿ" ಎಂದ.

ತನ್ನ ಮೇಲೆ ಕೇಸು ನಡೆಸುತ್ತಿರುವ ವಕೀಲರಿಗೆ ಎಳನೀರು ಕೊಡುವವನನ್ನು ನಾನು ಹೇಗೆ ನಂಬಲಿ? ಎಳನೀರು ಮಾತ್ರ ಕುಡಿದೆ.

ವಾದಿ ಹೆಂಗಸು ಹಸು ಹೊಡೆದುಕೊಂಡು ದಾರಿಯಲ್ಲಿ ಮುಂದೆ ಹೋದಳು, ನಾನು ಹಿಂದೆ. ಸೆರಗು ಬಿಗಿದು ಕಟ್ಟಿ, ಕೋಲು ಹಿಡಿದು, ಒಂದೊಂದು ಹಸುವನ್ನೂ ಹೆಸರು ಹಿಡಿದು ಬಯ್ಯುತ್ತ ನಡೆಯುವ ಗಟ್ಟಿ ಹೆಂಗಸು. ದಾರಿಯಲ್ಲಿ ಒಂದು ಕಡೆ, ಹೊಲದ ಅಂಚಿಗೆ, ಆಕೆ ರಬ್ಬರ್ ಚಪ್ಪಲಿ ಕಾಲಿಂದ ತೆಗೆದು ಕೈಯಲ್ಲಿ ಹಿಡಿದು, ಸ್ವಲ್ಪ ದೂರ ಬರಿಗಾಲಲ್ಲಿ ಹೋಗಿ, ಮತ್ತೆ ಹಾಕಿಕೊಂಡಳು. ಹಿಂದಿನ ದಿನ ಮಳೆ ಬಂದಿತ್ತು. ಕೆಸರಿಗೆ ಚಪ್ಪಲಿಯ ಉಂಗುಷ್ಟ ಕಿತ್ತುಬಂದೀತೆಂದು ಹಾಗೆ ಮಾಡಿದಳು ಎಂದುಕೊಂಡೆ. ನನ್ನ ಕಣ್ಣು ಹೊಂಗೆ ಮರದ ಮೇಲಿತ್ತು.

ಕಲ್ಲು ಎದೆಮಟ್ಟ ಇತ್ತು. ಮೇಲೆ ಲಿಂಗ, ಅಕ್ಕಪಕ್ಕ ಸೂರ್ಯ ಚಂದ್ರ. ಶಿವನ ಗುಡಿಗೆ ಬಿಟ್ಟ ಭೂಮಿಯ ಎಲ್ಲೆ ತೋರಿಸಲು ನಿಲ್ಲಿಸುತ್ತಿದ್ದ ಮುದ್ರೆಕಲ್ಲು. ಕೆಳಗಿನ ಅಕ್ಷರಗಳು ಸವೆದು ನೇರ ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ಇಂಥ ಕಡೆ ಕೆಲವರು ಹಿಟ್ಟು ಬಳಿದು ಓದುತ್ತಾರೆ. ಅದು ಕಲ್ಲಿಗೆ ಒಳ್ಳೆಯದಲ್ಲ. ನಾನು ಮರದ ನೆರಳಿನಾಚೆ ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಕಲ್ಲಿನ ಮೈಮೇಲೆ ಹಾಯಿಸಿದೆ. ಬೆಳಕು ಅಡ್ಡಡ್ಡ ಹೋದಾಗ ಸವೆದ ಅಕ್ಷರದ ಹಳ್ಳಗಳಲ್ಲಿ ನೆರಳು ನಿಲ್ಲುತ್ತದೆ. ಬಹಳ ಹೊತ್ತು ಹಾಗೂ ಹೀಗೂ ತಿರುಗಿಸಿದ ಮೇಲೆ ಕೊನೆಯ ಸಾಲಿನಲ್ಲಿ ಒಂದು ಪದ ಸಿಕ್ಕಿತು. ಕವಿಲೆ. ಅಂದರೆ ಹಸು. ಈ ಎಲ್ಲೆ ಕೆಡಿಸಿದವನು ಹಸು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಶಾಪ ಇಂಥ ಕಲ್ಲುಗಳ ಕೊನೆಯಲ್ಲಿ ಸಾಮಾನ್ಯ. ಅಂದಿನ ದಂಡದ ಕಲಮು ಅದೇ. ಪೊಲೀಸರೂ ಬೇಡ, ಜೈಲೂ ಬೇಡ.

ಕಲ್ಲಿನ ಬುಡಕ್ಕೆ ಹಬ್ಬದ ದಿನ ಬಳಿದ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆಗಳಿದ್ದವು. ಒಂದರ ಮೇಲೊಂದು ವರ್ಷವರ್ಷದ ಪದರ. ಬುಡದ ಮಣ್ಣನ್ನು ಕೋಳಿಗಳು ಕೆದರಿದ್ದವು. ಅಲ್ಲಿ ಬ್ರಷ್ಷು ಆಡಿಸಿದೆ. ಪಟ್ಟೆಗಳು ನೆಲದ ಮಟ್ಟಕ್ಕೆ ನಿಲ್ಲಲಿಲ್ಲ, ಮಣ್ಣಿನ ಕೆಳಗೂ ಗೇಣುದ್ದ ಇಳಿದಿದ್ದವು. ನೆಲದೊಳಕ್ಕೆ ಕೈ ಹಾಕಿ ಯಾರೂ ಸುಣ್ಣ ಬಳಿಯುವುದಿಲ್ಲ. ಈ ಕಲ್ಲನ್ನು ಎಲ್ಲಿಂದಲೋ ಕಿತ್ತು ಇಲ್ಲಿ ಮೊದಲಿಗಿಂತ ಆಳವಾಗಿ ನೆಟ್ಟಿದ್ದಾರೆ!

ಇನ್ನೂ ಸ್ವಲ್ಪ ಮಣ್ಣು ಸರಿಸಲು ಹೋದೆ. ಪ್ರತಿವಾದಿ ಅಲ್ಲಿವರೆಗೂ ಮೀಸೆ ತೀಡುತ್ತ ನಿಂತಿದ್ದವನು ತಟ್ಟನೆ ಹತ್ತಿರ ಬಂದ.

"ಅಗೀಬ್ಯಾಡಿ ಮೇಡಮ್ಮೋರೆ. ನೋಡಿ, ಅಗೀಬ್ಯಾಡಿ."

ಧ್ವನಿ ಮೆತ್ತಗಿತ್ತು, ಮುಖದಲ್ಲಿ ನಗು ಇರಲಿಲ್ಲ. ಸಿಕ್ಕಿಬಿದ್ದ ಕಳ್ಳ ಎಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಗಾವಡಗೆರೆಯಲ್ಲಿ ಟೀ ಕುಡಿಯುವಾಗ ವಕೀಲರಿಗೆ ಹೆಮ್ಮೆಯಿಂದ ವಿವರಿಸಿದೆ. ಅವರು ಗ್ಲಾಸು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

"ನಾನು ಅವರ ಕಡೆ ವಕೀಲ ಆಗಿದ್ರೆ ಒಂದೇ ಪ್ರಶ್ನೆ ಕೇಳ್ತಿದ್ದೆ ಮೇಡಂ. ಕೆರೆ ಅಂಚು, ಮಳೆ ಬಂದಾಗಲೆಲ್ಲ ಮಣ್ಣು ಹರಿದು ಬಂದು ಕೂರತ್ತೆ. ನೆಲ ಮೇಲೆ ಬಂದಿದೆ, ಕಲ್ಲು ಕೆಳಗೆ ಹೋಗಿಲ್ಲ. ಏನಂತೀರಿ?"

ನಾನು ಗ್ಲಾಸು ಎತ್ತಿಕೊಂಡೆ. ಟೀ ಕೂಡ ಆರಿತ್ತು.

ಮುಂದಿನ ವಾರ ಒಬ್ಬಳೇ ಬಸ್ಸಿನಲ್ಲಿ ಹೋದೆ. ಕಲ್ಲಿನ ಬಗ್ಗೆ ವಕೀಲರ ಬಳಿಯೂ ಬಾಯಿ ಬಿಡದ ವಾದಿ ನನ್ನೊಬ್ಬಳ ಬಳಿ ಮಾತಾಡಬಹುದು ಎಂಬ ಆಸೆ. ಹೋಗಿ ನೋಡಿದರೆ ಬ್ಯಾರನ್‌ನ ಹಿಂದುಗಡೆ ವಾದಿ ಪ್ರತಿವಾದಿ ಇಬ್ಬರೂ ನಿಂತು ಪಿಸುಪಿಸು ಮಾತಾಡುತ್ತಿದ್ದರು! ಕೋರ್ಟಿನ ಕಾರಿಡಾರಿನಲ್ಲಿ ಒಬ್ಬರ ಮುಖ ಒಬ್ಬರು ನೋಡದವರು. ನನ್ನನ್ನು ಕಂಡು ಮಾತು ನಿಂತಿತು. ಆತ ಸೌದೆ ನೋಡುವವನಂತೆ ಆಚೆ ಹೋದ.

"ಏನಂತೆ ಅವರು?" ಎಂದೆ.

"ಏನಿಲ್ಲ ಕಣವ್ವ. ಕುಂಟೆ ಕೇಳ್ದ" ಎಂದಳು.

ದಾರಿ ಕಿತ್ತುಕೊಳ್ಳಲು ಹೊರಟವನು, ಎತ್ತೇ ಇಲ್ಲದ ಈಕೆಯ ಬಳಿ ಬಂದು ಹೊಲ ಹರಗುವ ಕುಂಟೆ ಕೇಳುತ್ತಾನಂತೆ. ನಾನು ನೇರವಾಗಿ ಕೇಳಿಬಿಟ್ಟೆ. "ಅಮ್ಮ, ಆ ಕಲ್ಲು ಮೊದಲಿಂದ ಹೊಂಗೆ ಮರದ ಕೆಳಗೇ ಇತ್ತಾ?"

ಆಕೆ ಹಸುವಿನ ಕೊರಳಡಿ ಜೋಲುವ ಗಂಗೆದೊಗಲು ಸವರತೊಡಗಿದಳು. "ನಾನು ಹಸ ಮೇಯ್ಸೋಳು ಕಣವ್ವ. ಕಲ್ಲಿನ್ ಇಸ್ಯ ನಂಗೇನ್ ಗೊತ್ತು?"

"ನೀವು ಇದೇ ಊರಲ್ಲಿ ಹುಟ್ಟಿದವರು. ಇದೇ ಊರಿಗೆ ಸೊಸೆ ಆದವರು. ದಿನಾ ಅದೇ ದಾರೀಲಿ ಓಡಾಡ್ತೀರ."

"ಓಡಾಡ್ತೀನಿ. ದಾರಿ ನೋಡ್ಕಂಡು ಓಡಾಡ್ತೀನಿ." ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ ಗೊಣಗಿದಳು. "ದಾರಿ ಕೇಳಾಣ ಅಂತ ಕೋಲ್ಟಿಗೆ ಓದ್ರೆ ಎಲ್ರೂ ಕಲ್ಲನ್ನೇ ಕೇಳ್ತಾರಲ್ಲಪ್ಪ ಸಿವನೇ."

ಅಂಗಡಿಯಲ್ಲಿ, ಡೇರಿಯಲ್ಲಿ, ಅರಳಿಕಟ್ಟೆಯಲ್ಲಿ ಕೇಳಿದೆ. ಕಲ್ಲಿನ ಮಾತೆತ್ತಿದರೆ ಸಾಕು, ಒಬ್ಬರು ಮಳೆಯ ವಿಷಯಕ್ಕೆ ಹೋಗುತ್ತಾರೆ, ಇನ್ನೊಬ್ಬರು ಬಸ್ಸು ಬರುವ ಹೊತ್ತಾಯಿತು ಎನ್ನುತ್ತಾರೆ. ಇಡೀ ಊರನ್ನೇ ಆತ ಕೈಯಲ್ಲಿಟ್ಟುಕೊಂಡಿದ್ದಾನೆ ಎಂದು ನನಗೆ ಖಚಿತವಾಯಿತು. ವಾದಿಯನ್ನೂ ಏನೋ ಹೇಳಿ ಬಗ್ಗಿಸಿದ್ದಾನೆ. ಬಸ್ಸಿನಲ್ಲಿ ಕೂತು ಬರುವಾಗ ಆತನ ಮೇಲಿದ್ದ ಸಿಟ್ಟಿಗಿಂತ ಆಕೆಯ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ನಿನ್ನ ಹಸುಗಳಿಗೋಸ್ಕರ ನಾವು ಒದ್ದಾಡುತ್ತಿದ್ದರೆ ನೀನೇ ಬಾಯಿಗೆ ಬೀಗ ಹಾಕಿಕೊಂಡರೆ ಹೇಗೆ?

"ನಮ್ಮ ಕಕ್ಷಿದಾರರೇ ನಮಗೆ ಕೈಕೊಡ್ತಿದ್ದಾರೆ" ಎಂದೆ ವಕೀಲರಿಗೆ. ಅವರಿಗೂ ಅದೇ ಅನುಮಾನವಿತ್ತಂತೆ, ನನಗೆ ಹೇಳಿರಲಿಲ್ಲ.

ಹೂಳು ಬಂದು ಕಲ್ಲು ಮುಳುಗುತ್ತದೆಯೋ ಇಲ್ಲವೋ ಎಂಬುದನ್ನಾದರೂ ತೀರ್ಮಾನ ಮಾಡಬೇಕೆಂದು ಬೇರೆ ಊರುಗಳ ಕಲ್ಲು ನೋಡಲು ಹೊರಟೆ. ಪಿರಿಯಾಪಟ್ಟಣದ ಕಡೆ ದಿಬ್ಬದ ಮೇಲಿನ ಒಂದು ದಾನದ ಕಲ್ಲಿಗೆ ಸುಣ್ಣದ ಪಟ್ಟೆ ನೆಲಕ್ಕೇ ನಿಂತಿತ್ತು. ಖುಷಿಯಾಯಿತು. ಕೆ.ಆರ್. ನಗರದ ಕಡೆ ನಾಲೆಯ ಬಯಲಿನಲ್ಲಿ ಇನ್ನೊಂದು ಕಲ್ಲು ಅರ್ಧಕ್ಕರ್ಧ ಗದ್ದೆಯಲ್ಲಿ ಮುಳುಗಿತ್ತು, ಪಟ್ಟೆಗಳೂ ಮುಳುಗಿದ್ದವು. ಯಾರೂ ಅದನ್ನು ಅಲುಗಿಸಿರಲಿಲ್ಲ, ಹೂಳೇ ಏರಿತ್ತು. ವಕೀಲರ ಮಾತೇ ಸರಿ. ನನ್ನ ದೊಡ್ಡ ಸಾಕ್ಷ್ಯ ಅಲ್ಲಿಗೆ ನೀರಾಯಿತು.

ಕೊನೆಗೆ ಎಚ್.ಡಿ. ಕೋಟೆಯಾಚೆ ಎನ್. ಬೇಗೂರಿಗೆ ಹೋದೆ. ಅಲ್ಲೊಂದು ವೀರಗಲ್ಲನ್ನು ಕಟ್ಟೆ ಕಟ್ಟಿ ಮರದಡಿ ಇಟ್ಟಿದ್ದಾರೆಂದು ಕೇಳಿದ್ದೆ. ನೋಡಿ, ಅಳೆದು, ರಸ್ತೆ ಬದಿಯ ಟೀ ಅಂಗಡಿಗೆ ಬಂದು ಕೂತೆ. ಅಂಗಡಿಯ ಹೆಂಗಸು ಗಡಿಯಾಚೆಯ ಕೇರಳದಿಂದ ಮದುವೆಯಾಗಿ ಬಂದವಳು. ಎದುರಿನ ಬೋರಿಗೆ ನೀರು ತರಲು ಹೋದವಳು, ರಸ್ತೆಯ ಅಂಚಿನಲ್ಲಿ ಒಂದು ಬರಿ ಜಾಗದಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ದಾಟಿ, ಮತ್ತೆ ಹಾಕಿಕೊಂಡಳು. ಬರುವಾಗಲೂ ಹಾಗೇ ಮಾಡಿದಳು. ಅಲ್ಲಿ ಕೆಸರಿರಲಿಲ್ಲ. ನೆಲ ಒಣಗಿ ಬಿರುಕು ಬಿಟ್ಟಿತ್ತು.

"ಅಲ್ಲಿ ಚಪ್ಪಲಿ ಯಾಕೆ ತೆಗೆದ್ರಿ?" ಎಂದೆ.

ಆಕೆ ಹಿಂದೆ ಮುಂದೆ ನೋಡಿ ನಕ್ಕು, ತನ್ನ ಮಲಯಾಳದಲ್ಲಿ ನನ್ನನ್ನು ಅಕ್ಕ ಎಂದು ಕರೆದಳು. "ಈ ಊರೋರು ನಿಮಗೆ ಹೇಳೂದಿಲ್ಲ ಚೇಚಿ. ನಾನು ಹೊರಗಿಂದ ಬಂದೋಳು, ನಂಗೆ ತೊಂದ್ರೆ ಇಲ್ಲ. ನೀವು ಈಗ ನೋಡಿದ ಕಲ್ಲು ಮೊದ್ಲು ಅಲ್ಲಿತ್ತು."

"ಯಾರು ಎತ್ತಿದ್ದು?"

"ಎತ್ತಿದೋರು, ನೋಡಿದೋರು ಯಾರೂ ಆ ಮಾತು ಆಡೂ ಹಾಗಿಲ್ಲ. ಆಡಿದ್ರೆ ಅವ್ರ ಮನೆ ದನಕ್ಕೆ ಕೇಡು. ಕಲ್ಲು ಇದ್ದ ಗುಂಡಿ ಖಾಲಿ ಬಿಡೂ ಹಾಗಿಲ್ಲ, ಇದ್ದಿಲು, ಹೊಟ್ಟು, ಒಂದು ಚಿಕ್ಕ ಮಡಕೆ ಹಾಕಿ ಮುಚ್ತಾರೆ. ಅದ್ನ ಯಾರಾದ್ರೂ ಅಗೆದ್ರೆ ಇಡೀ ಊರಿನ ದನಕ್ಕೆ ಕೇಡು. ಅದ್ರ ಮೇಲೆ ಚಪ್ಪಲಿ ಹಾಕಿ ನಡೀಬಾರ್ದು. ನಂಗೆ ನನ್ನ ಅತ್ತೆ ಬೈದು ಬೈದು ಕಲಿಸಿದ್ದು."

ನನ್ನ ಕೈಯಲ್ಲಿದ್ದ ಟೀ ಮರೆತುಹೋಯಿತು. ಇದ್ದಿಲು, ಹೊಟ್ಟು, ಮಡಕೆ. ಎಲ್ಲೆ ಹಾಕುವಾಗ ಕಲ್ಲಿನ ಜೊತೆಗೆ ನೆಲದೊಳಗೆ ಇದ್ದಿಲು, ಹೊಟ್ಟು, ಮಡಕೆಯ ಚೂರು ಹೂತಿಡಬೇಕು ಎಂದು ಹಳೆಯ ಧರ್ಮಶಾಸ್ತ್ರದ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಮೇಲಿನ ಗುರುತು ಅಳಿದರೂ ಒಳಗಿನ ಗುರುತು ಉಳಿಯಲಿ ಎಂದು. ಶಾಸ್ತ್ರ ಮರೆತುಹೋಗಿದೆ, ಅಕ್ಷರ ಸವೆದುಹೋಗಿದೆ, ಕವಿಲೆ ಎಂಬ ಪದ ಓದಬಲ್ಲವರು ಊರಲ್ಲಿ ಒಬ್ಬರೂ ಇಲ್ಲ. ಆದರೆ ಆ ಶಾಪ ಇನ್ನೂ ಜಾರಿಯಲ್ಲಿದೆ! ನಾನು ಕಪಾಟಿನಲ್ಲಿ ಇಟ್ಟು ಕಾಯುವ ಎಷ್ಟೋ ಕಾಯಿದೆಗಳಿಗೆ ಈ ಭಾಗ್ಯವಿಲ್ಲ.

ಆಗ ವಾದಿಯ ರಬ್ಬರ್ ಚಪ್ಪಲಿ ನೆನಪಾಯಿತು. ಆಕೆ ಅದನ್ನು ಕೈಗೆ ತೆಗೆದುಕೊಂಡದ್ದು ದಾರಿಯ ಬಲಗಡೆಯ ಅಂಚಿನಲ್ಲಿ, ಹೊಲದ ಪಕ್ಕದಲ್ಲಿ. ಕಲ್ಲು ಅಲ್ಲಿದ್ದದ್ದೇ ಆದರೆ ಹೊಲ ಅಲ್ಲಿಗೇ ಮುಗಿಯಿತು, ದಾರಿ ಪೂರ್ತಿ ಹೊರಗೆ. ಆಕೆ ಗೆಲ್ಲುತ್ತಾಳೆ. ಆದರೆ ಗೆಲ್ಲಲು ಬಾಯಿ ಬಿಡಬೇಕು. ಬಿಟ್ಟರೆ ಹಸುಗಳಿಗೆ ಕೇಡು, ಬಿಡದಿದ್ದರೆ ಹಸುಗಳಿಗೆ ನೀರಿಲ್ಲ. ಇಷ್ಟು ದಿನ ಆಕೆಯನ್ನು ಬಯ್ದುಕೊಂಡಿದ್ದೆನಲ್ಲ! ಆತನ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಎಲ್ಲ ಗೊತ್ತಿದ್ದೂ ಊರಿನ ಭಯವನ್ನೇ ಬೇಲಿ ಮಾಡಿಕೊಂಡವನು ಎಂದುಕೊಂಡೆ.

ವಕೀಲರು ಕೇಳಿ ಕುಣಿದಾಡಿಬಿಟ್ಟರು. "ಸಾಕ್ಷಿ ಕಟಕಟೆಗೆ ಹತ್ತಿಸೋಣ ಮೇಡಂ. ಪ್ರಮಾಣ ಮಾಡಿಸಿ ಕೇಳಿದ್ರೆ ಹೇಳಲೇಬೇಕು."

"ಆಕೆ ಅಲ್ಲೂ ಹೇಳೋಲ್ಲ. ಹೇಳಿದ್ರೂ ಮಾರನೇ ದಿನ ಒಂದು ಕರುವಿಗೆ ಹೊಟ್ಟೆ ಉಬ್ಬರಿಸಿದ್ರೆ ಜೀವನಪೂರ್ತಿ ನಮ್ಮನ್ನ ಶಪಿಸ್ತಾಳೆ."

"ನೀವೂ ಇದನ್ನೆಲ್ಲ ನಂಬ್ತೀರಾ?"

"ನಾನು ಯಾರನ್ನೂ ನಂಬೋಲ್ಲ, ನಿಮಗೇ ಗೊತ್ತು. ಆಕೆ ನಂಬ್ತಾಳಲ್ಲ?"

ಸ್ವಲ್ಪ ಹೊತ್ತು ಜಗಳವೇ ಆಯಿತು. ಆಮೇಲೆ ನನ್ನ ಆಲೋಚನೆ ಹೇಳಿದೆ. ಹಿಂದೆಲ್ಲ ಗಡಿಯ ತಗಾದೆ ಬಂದಾಗ ಸಾಕ್ಷಿ ಬಾಯಲ್ಲಿ ಹೇಳಿದ್ದು ಸಾಲುತ್ತಿರಲಿಲ್ಲ. ತಲೆಯ ಮೇಲೆ ಮಣ್ಣು ಹೊತ್ತುಕೊಂಡು ಎಲ್ಲರೆದುರು ಗಡಿಯುದ್ದಕ್ಕೂ ನಡೆಯಬೇಕಿತ್ತು. ಅವನ ಕಾಲು ಹೋದದ್ದೇ ಗಡಿ. ಹಾಗಿದ್ದ ಮೇಲೆ ಈಗಲೂ ಬಾಯನ್ನು ಕೇಳುವುದು ಬೇಡ, ಕಾಲನ್ನು ಕೇಳೋಣ. ಸ್ಥಳ ಪರಿಶೀಲನೆಯ ಮೆಮೊದಲ್ಲಿ ಒಂದೇ ಒಂದು ಸಾಲು ಸೇರಿಸಿ. ಕಮಿಷನರ್ ಎರಡೂ ಪಕ್ಷದವರ ಜೊತೆ ಊರಿನ ಕಡೆಯಿಂದ ಕೆರೆಯವರೆಗೆ ದಾರಿಯಲ್ಲಿ ನಡೆದು, ಕಂಡದ್ದನ್ನು ದಾಖಲಿಸಬೇಕು. ಅಷ್ಟೇ. ಕಮಿಷನರಿಗೂ ಮೊದಲೇ ಏನೂ ಹೇಳಬಾರದು.

ವಕೀಲರು ಒಪ್ಪಿದರು. ಒಪ್ಪಿದ ರೀತಿ ನೋಡಿ ನನಗೆ ಪೂರ್ತಿ ಸಮಾಧಾನವಾಗಲಿಲ್ಲ.

ಪರಿಶೀಲನೆಯ ದಿನ ಊರಿನ ಅರ್ಧ ಜನ ಸೇರಿದ್ದರು. ಕಮಿಷನರ್ ಆಗಿ ಬಂದವರು ಒಬ್ಬ ಹಿರಿಯ ವಕೀಲರು, ಕೊಡೆ ಹಿಡಿದು ಬೂಟು ಹಾಕಿಕೊಂಡಿದ್ದರು. ಸರ್ವೆಯವರು ಚೈನು ಹಿಡಿದು ಬಂದಿದ್ದರು. ಪ್ರತಿವಾದಿ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೊಳೆಯುವ ಹೊಸ ಚರ್ಮದ ಚಪ್ಪಲಿ ಮೆಟ್ಟಿಕೊಂಡು, "ಬನ್ನಿ ಸ್ವಾಮಿ, ಇಂಗೆ ಬನ್ನಿ" ಎಂದು ತಾನೇ ಮುಂದಾಳಾಗಿ ನಡೆದ. ಇದು ನನ್ನ ಹೊಲ, ಇದು ನನ್ನ ಬ್ಯಾರನ್, ಇಲ್ಲಿ ನಮ್ಮಪ್ಪ ಬಾವಿ ತೋಡಿಸಿದ್ದು ಎಂದು ಕೈ ಬೀಸಿ ಬೀಸಿ ತೋರಿಸುತ್ತಿದ್ದ. ಹಿಂದೆ ನಾವು, ನಮ್ಮ ಹಿಂದೆ ವಾದಿ, ಆಮೇಲೆ ಊರಿನವರು.

ಮೊದಲು ಕೆಸರಿದ್ದ ಜಾಗ ಈಗ ಒಣಗಿತ್ತು. ಅಲ್ಲಿಗೆ ಬಂದಾಗ ಆತ ಮಾತು ನಿಲ್ಲಿಸಲಿಲ್ಲ. ಹೊಗೆಸೊಪ್ಪಿನ ಸಸಿಮಡಿಗೆ ನೀರು ಹೊತ್ತ ಕಷ್ಟ ಹೇಳುತ್ತಲೇ ಹೊಸ ಚಪ್ಪಲಿಯಿಂದ ಒಂದು ಕಾಲು ಹೊರಬಂತು, ಇನ್ನೊಂದು ಬಂತು. ಬಗ್ಗಿ ಎತ್ತಿಕೊಂಡು ನಡೆದೇಬಿಟ್ಟ. ಕಮಿಷನರ್ ನಿಂತರು. ತಿರುಗಿ ನೋಡಿದರು. ಊರಿನವರೆಲ್ಲ ಒಬ್ಬರ ಹಿಂದೆ ಒಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಆ ಜಾಗದಲ್ಲಿ ಬೂಟು ಚಪ್ಪಲಿ ಇದ್ದದ್ದು ಹೊರಗಿನವರಾದ ನಮ್ಮ ಕಾಲಲ್ಲಿ ಮಾತ್ರ.

"ಇಲ್ಲಿ ಯಾಕ್ರೀ ಚಪ್ಪಲಿ ಬಿಟ್ರಿ?" ಎಂದು ಕೇಳಿದರು ಕಮಿಷನರ್.

ಆತ ಕೈಯಲ್ಲಿದ್ದ ಚಪ್ಪಲಿ ನೋಡಿಕೊಂಡ. ಅದು ಅಲ್ಲಿಗೆ ಹೇಗೆ ಬಂತೆಂದು ಅವನಿಗೇ ಆಶ್ಚರ್ಯವಾದಂತಿತ್ತು. "ಒಸಾ ಚಪ್ಲಿ ಸ್ವಾಮಿ. ಕಚ್ತದೆ" ಎಂದ.

"ಎಲ್ಲರಿಗೂ ಇಲ್ಲೇ ಕಚ್ತದಾ?"

ಯಾರೂ ನಗಲಿಲ್ಲ. ಅಷ್ಟು ಸಾಕಿತ್ತು. ಕಂಡದ್ದನ್ನು ಬರೆದುಕೊಂಡು ಮುಂದೆ ಹೋಗಿದ್ದರೆ ನನ್ನ ಯೋಜನೆ ಸರಿಯಾಗಿ ಮುಗಿಯುತ್ತಿತ್ತು. ಆದರೆ ನಮ್ಮ ವಕೀಲರಿಗೆ ತಡೆಯಲಾಗಲಿಲ್ಲ.

"ಸರ್, ಇಲ್ಲಿ ಅಗೆಸಿ ನೋಡಿ" ಎಂದುಬಿಟ್ಟರು. "ಒಳಗೆ ಇದ್ದಿಲು, ಮಡಕೆ ಇದೆ. ಕಲ್ಲು ಇದ್ದದ್ದು ಇಲ್ಲೇ. ಯಾರಾದ್ರೂ ಒಂದು ಹಾರೆ ತನ್ನಿ."

ಜನ ಒಂದು ಹೆಜ್ಜೆ ಹಿಂದೆ ಸರಿದರು. ಹಾರೆ ತರಲು ಯಾರೂ ಅಲುಗಲಿಲ್ಲ. ಸರ್ವೆಯವರ ಕಡೆಯವನೊಬ್ಬ ಕಂಬದ ಪಕ್ಕ ಒರಗಿಸಿದ್ದ ಹಾರೆ ತೆಗೆದುಕೊಂಡು ಬಂದ. ಆಗ ವಾದಿ ನಮ್ಮನ್ನೆಲ್ಲ ತಳ್ಳಿಕೊಂಡು ಮುಂದೆ ಬಂದಳು. ಆ ಜಾಗವನ್ನು ತುಳಿಯದೆ, ಅದರ ಅಂಚಿನಲ್ಲಿ ಮಂಡಿಯೂರಿ ಕೂತು, ಎರಡೂ ಕೈ ಅಡ್ಡ ಹಿಡಿದಳು.

"ನಂಗೆ ಕೇಸೂ ಬ್ಯಾಡ, ದಾರೀನೂ ಬ್ಯಾಡ. ಹಸ ಮಾರ್ಕತೀನಿ. ಅಗೀಬ್ಯಾಡಿ ಸ್ವಾಮಿ, ನಿಮ್ ದಮ್ಮಯ್ಯ ಅಂತೀನಿ, ಅಗೀಬ್ಯಾಡಿ."

ಕಮಿಷನರಿಗೆ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ಪ್ರತಿವಾದಿಯ ಮುಖ ನೋಡುತ್ತಿದ್ದೆ. ಆಕೆಯೇ ಕೇಸು ಬಿಡುತ್ತೇನೆ ಎಂದ ಮೇಲೆ ಅವನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ದಾರಿ ಅವನದಾಗುತ್ತಿತ್ತು. ಅವನು ಸುಮ್ಮನಿರುತ್ತಾನೆ ಎಂದೇ ನಾನು ಕಾದೆ.

ಆತ ಚಪ್ಪಲಿಯನ್ನು ನೆಲಕ್ಕೆ ಹಾಕಿದ. ಹಾರೆಯವನ ಕೈ ಹಿಡಿದು ಪಕ್ಕಕ್ಕೆ ಸರಿಸಿದ.

"ಎದ್ದೇಳಕ್ಕ" ಎಂದ ಆಕೆಗೆ. ಆಮೇಲೆ ಕಮಿಷನರ್ ಕಡೆ ತಿರುಗಿದ. "ಬರ್ಕಳಿ ಸ್ವಾಮಿ. ಕಲ್ಲು ಇಲ್ಲೇ ಇದ್ದುದ್ದು. ಸೌದೆ ಲಾರಿ ಚಕ್ರ ಬಡ್ದು ಬಡ್ದು ವಾಲ್ಕಂಡಿತ್ತು. ಚಕ್ರುದ್ ಕೆಳಕ್ಕೆ ಬಿದ್ದೋದಾದು ಅಂತ ಎತ್ತಿ ಮರದ್ ಕೆಳ್ಗೆ ಮಡಗ್ದೊ. ನಾನೂ ಎಗಲು ಕೊಟ್ಟಿದ್ದೆ, ಈ ಅಕ್ಕನೂ ಇದ್ಲು."

"ಬ್ಯಾಡ ಕಣೋ, ಆಡ್ಬ್ಯಾಡ ಕಣೋ" ಎಂದು ಆಕೆ ಕೂಗಿದಳು.

"ಬುಡಕ್ಕ. ಅಗುದ್ರೆ ಊರಿಗೆಲ್ಲ ತಟ್ತದೆ. ಯೋಳುದ್ರೆ ನನಗೊಬ್ಬನ್ಗೆ." ಬಗ್ಗಿ ಆಕೆಯ ರಟ್ಟೆ ಹಿಡಿದು ಎಬ್ಬಿಸಿದ. "ಆಸೆ ಬಿದ್ದಿದ್ದು ನಾನು ತಾನೇ."

ಕಮಿಷನರ್ ಅಲ್ಲೇ ನಿಂತು ಬರೆದುಕೊಂಡರು. ಓದಿ ಹೇಳಿ ಇಬ್ಬರ ಸಹಿ ಹಾಕಿಸಿದರು. ಹಾರೆ ಕಂಬದ ಪಕ್ಕಕ್ಕೆ ವಾಪಸ್ಸು ಹೋಯಿತು. ಆತ ಬರಿಗಾಲಲ್ಲೇ ಹೊಲದ ಮೇಲೆ ಹಾಯ್ದು ಮನೆಗೆ ಹೋದ, ಹೊಸ ಚಪ್ಪಲಿ ದಾರಿಯಲ್ಲೇ ಬಿದ್ದಿತ್ತು. ಮೊದಲ ದಿನ ಅವನು "ಅಗೀಬ್ಯಾಡಿ" ಎಂದಾಗ ಅವನ ಮುಖದಲ್ಲಿದ್ದದ್ದು ಕಳ್ಳತನವಲ್ಲ, ಭಯ. ಬ್ಯಾರನ್ ಹಿಂದೆ ಅವರಿಬ್ಬರೂ ಮಾತಾಡಿದ್ದೇನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾಯಿ ಬಿಡಬೇಡ ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿರಬೇಕು, ಅದೂ ನನ್ನ ಊಹೆ. ಕಾರಿನಲ್ಲಿ ವಕೀಲರು ಗೆದ್ದ ಖುಷಿಯಲ್ಲಿ ಹಾಡಿಕೊಳ್ಳುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಕೇಸು ರಾಜಿಯಲ್ಲಿ ಮುಗಿಯಿತು. ಕಂಬಗಳು ಹೊಲದ ಒಳಕ್ಕೆ ಸರಿದವು.

ಕೆಲವು ವಾರಗಳಾದ ಮೇಲೆ ಕಲ್ಲಿನ ಫೋಟೊ ತೆಗೆಯಲು ಮತ್ತೆ ಆ ಊರಿಗೆ ಹೋದೆ. ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಸರಿಯಾಗಿ ತಲುಪಿದ್ದೆ. ವಾದಿ, ಈಗ ವಾದಿ ಅಲ್ಲ, ಹಸುಗಳನ್ನು ಹೊಡೆದುಕೊಂಡು ದಾರಿಯಲ್ಲಿ ಬರುತ್ತಿದ್ದಳು. ಆ ಜಾಗದಲ್ಲಿ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದಳು. ಕಲ್ಲಿನ ಬಳಿ ಕೂತಿದ್ದ ನಾನೂ ಎದ್ದು ನಿಂತೆ. ಹಸುಗಳ ನಡುವೆ ಒಂದು ಜೊತೆ ಎತ್ತುಗಳಿದ್ದವು. ದೊಡ್ಡ ಕೊಂಬಿನವು, ಕೊರಳಲ್ಲಿ ಹಿತ್ತಾಳೆ ಗಂಟೆ. ಆಕೆಯ ಮನೆಯಲ್ಲಿ ಎತ್ತು ಇರಲಿಲ್ಲ.

"ಇವು ಯಾರವು?" ಎಂದೆ. ಹಳೆಯ ಅನುಮಾನ ಒಂದು ಕ್ಷಣ ತಲೆಯೆತ್ತಿತು. ರಾಜಿಗೆ ಇನ್ನೇನಾದರೂ ಒಳಒಪ್ಪಂದವಿತ್ತೇ?

"ಇನ್ಯಾರವು, ಅವುಂದೇ" ಎಂದಳು ಬೇಲಿಯ ಕಡೆ ಗಲ್ಲ ತೋರಿಸಿ. "ಬಾಯಿ ಬುಟ್ಟೋನು ಒಂದು ವರ್ಸ ತನ್ ದನುಕ್ಕೆ ತಾನು ನೀರು ತೋರುಸ್ಬಾರ್ದು. ಅದ್ಕೆ ನಾನೇ ಒಡ್ಕ ಬತ್ತೀನಿ."

"ನಿಮ್ಮ ದಾರಿಗೆ ಬೇಲಿ ಹಾಕಲು ಬಂದವನಲ್ಲವಾ ಅಮ್ಮ?"

ಕೆರೆ ತಲುಪಿದ ಎತ್ತುಗಳು ನೀರಿಗೆ ಬಾಯಿಟ್ಟವು. ಆಕೆ ಬೊಗಸೆಯಲ್ಲಿ ನೀರು ತೆಗೆದು ಅವುಗಳ ಬೆನ್ನಿನ ಮೇಲೆ ಎರಚಿ, ಕೈಯಿಂದ ಉಜ್ಜಿದಳು.

"ಬಂದಿದ್ದ ಬುಡು" ಎಂದಳು. "ಇವಕ್ಕೆ ಏನಾರ ಆಗೋದ್ರೆ, ನಾನು ಈ ದಾರೀಲಿ ಎಂಗ್ ನಡೀಲವ್ವ?"